ಉಗುರು ಬೆಳೆಯುವವರೆಗೆ

ಟಾಲಿನ್ನಿನ ಅಂಗಡಿಯ ತಾರ್ಮೊ
ಹತ್ತು ದಿನಕ್ಕೆಂದು ಕಡ ಕೊಟ್ಟ ಜೋಡಿ ಮೈಕು
ಮರದ ಪೆಟ್ಟಿಗೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ
ಅವಳಿ ಕೂಸುಗಳ ಹಾಗೆ ಮಲಗಿವೆ.
ಪಕ್ಕದಲ್ಲೇ ನನ್ನ ಹಳೆಯ ಜೋಡಿ,
ಉಣ್ಣೆಯ ಕಾಲುಚೀಲದೊಳಗೆ.
ಗಾತ್ರ ಎರಡರದ್ದೂ ಒಂದೇ: ನನ್ನ ತೋರುಬೆರಳಿನಷ್ಟು.
ಬೆಲೆಯಲ್ಲಿ ಮಾತ್ರ
ಒಂದು ದೋಣಿ ಎಂಜಿನ್ನಿನ ಅಂತರ.

ಎಂಜಿನ್ ಅಂದದ್ದು ಉಪಮೆಗಲ್ಲ.
ನಿಜಕ್ಕೂ ಕೆಟ್ಟಿದೆ, ಶೆಡ್ಡಿನಲ್ಲಿ ಬಿದ್ದಿದೆ.
ಏಪ್ರಿಲಿನಲ್ಲಿ ಕಡಲ ಮೇಲಿನ ಮಂಜುಗಡ್ಡೆ ಒಡೆದರೆ
ಬಲೆ ಹಾಕಲು ಬೇಕೇ ಬೇಕು
ಎಂದು ತಮ್ಮ ಆಂಟ್ಸ್ ದಿನಕ್ಕೆರಡು ಸಲ ಹೇಳುತ್ತಾನೆ,
ಮೈಕಿನ ಕಡೆ ನೋಡದೆ.

ಹಳೆಯದರ ಐಬು ನನಗೆ ಗೊತ್ತಿಲ್ಲದ್ದೇನಲ್ಲ.
ಬಲಗಡೆಯದು ಸುಯ್ ಎನ್ನುತ್ತದೆ,
ದೂರದಲ್ಲಿ ಯಾರೋ ಬಾಣಲೆಗೆ ಮೀನು ಬಿಟ್ಟಂತೆ.
ಹನ್ನೊಂದು ವರ್ಷ ಆ ಸುಯ್ಯಿನ ಮೇಲೆಯೇ
ಸಾರೆಮಾ ದ್ವೀಪದ ಅಷ್ಟೂ ಹಾಡು ಬರೆದುಕೊಂಡೆ,
ಒರಟು ಕಾಗದಕ್ಕೆ ಮೊಂಡು ಪೆನ್ಸಿಲ್ಲು.
ಯಾರೂ ದೂರಲಿಲ್ಲ.
ನನಗೇ ಈಚೆಗೆ
ಹೆಡ್‌ಫೋನ್ ಕಳಚಿ ಮಲಗಿದ ಮೇಲೂ
ಆ ಮೀನು ಬೇಯುತ್ತಲೇ ಇರುತ್ತದೆ.

ಮಂಗಳವಾರ ಹೆಲ್ವಿಯನ್ನು ಕೂರಿಸಿದೆ,
ಮುಚ್ಚಿಹೋದ ಶಾಲೆಯ ಅಡುಗೆಕೋಣೆಯಲ್ಲಿ.
ಹೀಟರ್ ಆರಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು,
ಗೋಡೆ ಗಡಿಯಾರವನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ.
ಆಕೆ ಕೋಟು ಬಿಚ್ಚಲಿಲ್ಲ.
ಮಡಿಲಲ್ಲಿ ಕನ್ನೆಲ್, ಹನ್ನೆರಡು ತಂತಿ,
ಉದ್ದಕ್ಕೆ ಸೀಳಿದ ಪುಟ್ಟ ದೋಣಿಯಂಥದು.
ನಾಲ್ಕೂ ಮೈಕು ಒಂದೇ ಕಂಬಕ್ಕೆ ಬಿಗಿದು
ನಲವತ್ತೆಂಟು ವೋಲ್ಟ್ ಹರಿಸಿದೆ.
"ಇಷ್ಟು ಕಿವಿಗಳು ನನ್ನ ಮದುವೆಯಲ್ಲೂ ಇರಲಿಲ್ಲ"
ಅಂದವಳೇ ನುಡಿಸಿದಳು.

ಹಳೆಯದರಲ್ಲಿ ಎಂದಿನ ಹೆಲ್ವಿ.
ಹೊಸದರಲ್ಲಿ ಮೊದಲು ಮೌನ ಕೇಳಿಸಿತು,
ಅದಕ್ಕೊಂದು ನೆಲ, ನೆಲಕ್ಕೊಂದು ತಣ್ಪು.
ಆಮೇಲೆ ಕೋಟಿನ ಗುಂಡಿ ಮರಕ್ಕೆ ತಾಗಿದ್ದು,
ಅವಳ ಮೂಗಿನಲ್ಲಿ ಉಸಿರು ಹೊರಳಿದ್ದು,
ನನ್ನದೇ ಮೊಣಕಾಲಿನ ಲಟಿಕೆ.
ಕೊನೆಗೆ ತಂತಿ.
ಏಳನೆಯದು ಬರಬೇಕಾದಲ್ಲೆಲ್ಲ
ಕೂದಲೆಳೆಯಷ್ಟು ಹಿಂಜರಿಕೆ,
ಲೋಹ ಮಿನುಗಬೇಕಾದ ಕಡೆ
ಚರ್ಮದ ಮಂಕು ಸದ್ದು.

ತಿರುತಿರುಗಿ ಕೇಳಿದೆ.
ಎಪ್ಪತ್ತೆಂಟರ ಬೆರಳು. ಗಂಟುನೋವು ಹತ್ತಿದೆ.
ಯಾರಿಗೂ ಹೇಳಿಲ್ಲ, ಎಷ್ಟು ಚಳಿಗಾಲದಿಂದಲೋ!
ಹಳೆಯ ಮೈಕು ಹಲ್ಲು ಕಚ್ಚಿಕೊಂಡು
ಅವಳ ಗುಟ್ಟು ಕಾಯ್ದಿತ್ತು ಅಂದುಕೊಂಡೆ.
ಕಣ್ಣು ತುಂಬಿತು. ಇದನ್ನು ಹಿಡಿದ ನನ್ನ ಕಿವಿಯ ಬಗ್ಗೆ
ಕೊಂಚ ಹೆಮ್ಮೆಯೂ ಆಯಿತು, ಸುಳ್ಳೇಕೆ.
ಎಲ್ಲವನ್ನೂ ಕೇಳಿಸಿಕೊಳ್ಳುವವರು ಮನೆಯಲ್ಲಿದ್ದರೆ
ಯಾರು ತಾನೆ ಬಂದು ಎದುರು ಕೂರುತ್ತಾರೆ?
ರಾತ್ರಿಯಿಡೀ ಇದೇ ತತ್ವ.
ಬೆಳಗಿನ ಜಾವ ಪೆಟ್ಟಿಗೆಯ ಮೇಲೆ
ತಾರ್ಮೊನ ವಿಳಾಸ ಬರೆದೂ ಆಯಿತು.

ಗುರುವಾರ ಸಹಕಾರಿ ಅಂಗಡಿಯಲ್ಲಿ ಸಿಕ್ಕಳು.
ದನಿ ತಗ್ಗಿಸಿ ಕೇಳಿದೆ, ಬೆರಳು ಹೇಗಿದೆ ಎಂದು.
ಕೈಗವುಸು ಕಳಚಿ ಮೂಗಿನ ಹತ್ತಿರ ಹಿಡಿದಳು.
"ಉಗುರು. ಸೋಮವಾರ ಮೀನಿನ ಡಬ್ಬಿ ತೆಗೀವಾಗ ಮುರೀತು.
ಕೇಳಿಸಿತಾ? ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ."
ಬ್ರೆಡ್ಡಿನ ಚೀಲ ಹೆಗಲು ಬದಲಿಸಿ,
"ಮೂರು ವಾರಕ್ಕೆ ಬೆಳೆಯುತ್ತೆ, ಇನ್ನೊಮ್ಮೆ ಮಾಡೋಣ.
ಹೊಸದೇ ಇರಲಿ, ಆ ಸುಯ್ ಅನ್ನೋದು ಬೇಡ."
ಸುಯ್ ನಿನಗೂ ಕೇಳುತ್ತಾ?
"ನೀನು ಕೊಟ್ಟ ಸೀಡಿಯಲ್ಲೆಲ್ಲ ಇದೆಯಲ್ಲ.
ನಿನ್ನ ಮೂಗು ಅಂತ ಸುಮ್ಮನಿದ್ದೆ."

ಕಡದ ಗಡುವು ಶನಿವಾರ.
ತಾರ್ಮೊಗೆ ಫೋನು ಮಾಡಿ ಮೂರು ವಾರ ಕೇಳಿದೆ.
ಕಾರಣ? ಎಂದ.
ಉಗುರು, ಎಂದೆ.
ಆ ಕಡೆ ತುಸು ಹೊತ್ತು ಏನೂ ಇಲ್ಲ.
ಫೋನಿನ ಅಗ್ಗದ ಮೈಕಿನಲ್ಲಿ
ಅವನು ನಗುತ್ತಿದ್ದನೋ, ಲೆಕ್ಕ ಹಾಕುತ್ತಿದ್ದನೋ
ತಿಳಿಯುವಂತಿರಲಿಲ್ಲ.